ನಾಲ್ಕೂ ಪ್ಲಗ್ ಹೊಸದು, ಆದರೂ ಖಂಬಾಟ್ಕಿ ಘಾಟಿನಲ್ಲಿ ಪಿಕಪ್ ಮಿಸ್ಸಿಂಗ್ ಹೊಡೆಯುತ್ತಿದೆ

ಕಾತ್ರಜ್ ಗಾಡಿ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಊರು ಅಥಣಿ, ಹನ್ನೊಂದು ವರ್ಷದಿಂದ ಪುಣೆಯ ಕಾತ್ರಜ್‌ನಲ್ಲಿದ್ದೇನೆ. ನನ್ನದು ಸಣ್ಣ ಪಿಕಪ್. 1.2 ಲೀಟರ್, ನಾಲ್ಕು ಸಿಲಿಂಡರ್, ಪೆಟ್ರೋಲ್ ಜೊತೆ ಕಂಪನಿಯಿಂದಲೇ ಬಂದ ಸಿಎನ್‌ಜಿ. ಬಿಎಸ್-6 ಗಾಡಿ, 1,12,000 ಕಿಲೋಮೀಟರ್ ಓಡಿದೆ. ಯಾವ ಕಂಪನಿ ಅಂತ ಕೇಳಬೇಡಿ. ತಪ್ಪು ಗಾಡಿಯದೋ ನನ್ನದೋ ಇನ್ನೂ ಗೊತ್ತಿಲ್ಲ.

ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಈರುಳ್ಳಿ, ಬಟಾಟೆ ತುಂಬಿ ಸಾತಾರಾ, ಕರಾಡ್ ಕಡೆ ಹೋಗುವುದು ನನ್ನ ಕೆಲಸ. ವಾರಕ್ಕೆ ನಾಲ್ಕು ಸಲ. ತಿಂಗಳಿನಿಂದ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ನಡುನಡುವೆ ಯಾವುದೋ ಸಿಲಿಂಡರ್ ಉರಿಯುವುದು ತಪ್ಪುತ್ತಿದೆ. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿಯೇ ಓಡುತ್ತದೆ. ಖಂಬಾಟ್ಕಿ ಘಾಟ್ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ, ಹಿಂದಿನ ಲಾರಿಯವನು ಹಾರ್ನ್ ಮೇಲೆ ಹಾರ್ನ್. ಚೆಕ್ ಲೈಟ್ ಹತ್ತುತ್ತದೆ. ಒಮ್ಮೊಮ್ಮೆ ಮಿಣುಕುತ್ತದೆ.

ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಪಿ0303 ಅಂದರು. ನಾಲ್ಕೂ ಪ್ಲಗ್ ಬದಲಿಸಿದರು. ನಾಲ್ಕು ದಿನ ಆರಾಮ್. ಐದನೇ ದಿನ ಅದೇ ಕತೆ. ಮತ್ತೆ ಹೋದರೆ ಈಗ ಪಿ0303 ಜೊತೆ ಪಿ0171 ಕೂಡ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು ಅನ್ನುತ್ತಿದ್ದಾರೆ. ಸೆನ್ಸರ್ ಸಸ್ತಾ ಅಲ್ಲ. ಹಾಕಿಸಲೇ, ಬಿಡಲೇ?

ರೇಸ್ ರಾಜ

1,12,000 ಓಡಿದೆ ಅಂದಮೇಲೆ ಹಾಫ್ ಎಂಜಿನ್ ಮಾಡಿಸಿಬಿಡಿ ಗುರು, ಎಂಜಿನ್ ಬಿಚ್ಚಿ ಸವೆದದ್ದೆಲ್ಲಾ ಬದಲಿಸಲಿ. ಒಂದೇ ಸಲ ತಲೆನೋವು ಹೋಗುತ್ತದೆ. ಇಲ್ಲದಿದ್ದರೆ ಎಲ್ಲಾ ಈ ಇ20 ಪೆಟ್ರೋಲ್‌ನ ಆಟ. ಅದು ಬಂದ ಮೇಲೆ ಯಾವ ಗಾಡಿಯೂ ಸರಿ ಇಲ್ಲ.

ಹಳೇ ಸ್ಪ್ಯಾನರ್

ರಾಜಾ, ಇ20 ಬಿಡುಗಡೆ ಆಗಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ನೂರು ಪಾಲಿನಲ್ಲಿ 20 ಪಾಲು ಎಥನಾಲ್. ಅದು ನೀರು ಹೀರುತ್ತದೆ, ಹಳೇ ಗಾಡಿಯ ರಬ್ಬರಿಗೆ ಒಳ್ಳೆಯದಲ್ಲ, ಎಲ್ಲಾ ಒಪ್ಪಿದೆ. ಆದರೆ ಇವರು ಓಡಿಸುತ್ತಿರುವುದು ಗ್ಯಾಸ್‌ನಲ್ಲಿ. ಗ್ಯಾಸಿನೊಳಗೆ ಎಥನಾಲ್ ಎಲ್ಲಿಂದ ಬರಬೇಕು? ಇನ್ನು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತುತ್ತದೆ ಅಂತ ನೋಡದೆ ಹಾಫ್ ಎಂಜಿನ್ ಅನ್ನುವವನ ಕೈಗೆ ನಾನಂತೂ ಗಾಡಿ ಕೊಡುವುದಿಲ್ಲ.

ಕಾತ್ರಜ್ ತಮ್ಮಾ, ಸೆನ್ಸರ್ ಸದ್ಯ ಹಾಕಿಸಬೇಡ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡು. ಪೆಟ್ರೋಲ್‌ಗೆ ಹಾಕಿದರೂ ಮಿಸ್ ಆಗುತ್ತದೋ, ಗ್ಯಾಸ್‌ನಲ್ಲಿ ಮಾತ್ರವೋ? ಲೋಡ್ ಇದ್ದಾಗ ಮಾತ್ರವೋ, ಖಾಲಿ ನಿಂತಾಗಲೂ ನಡುಗುತ್ತದೋ? ಗಾಡಿ ತಣ್ಣಗಿದ್ದಾಗಲೂ ಇದೆಯೋ, ಬಿಸಿಯಾದ ಮೇಲೋ? ಹಳೇ ಪ್ಲಗ್‌ಗಳನ್ನು ನೋಡಿದೆಯಾ, ಎಸೆದರಾ?

ಇನ್ನೊಂದು ಮಾತು. ಚೆಕ್ ಲೈಟ್ ಸುಮ್ನೆ ಹತ್ತಿ ಉರಿಯುತ್ತಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ಮಿಣುಕುತ್ತಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆ, ಪಕ್ಕಕ್ಕೆ ಹಾಕು. ಸುಡದೆ ಉಳಿದ ಇಂಧನ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕೆಂಪು ಕಾದು ಒಳಗಿನ ಜೇನುಗೂಡು ಕರಗಿ ಕಟ್ಟಿಕೊಂಡರೆ ಬರುವ ಬಿಲ್ಲಿನ ಮುಂದೆ ನಿನ್ನ ಸೆನ್ಸರ್ ಏನೂ ಅಲ್ಲ. ಒಣ ಹುಲ್ಲಿನ ಮೇಲೆ ಅಂತೂ ನಿಲ್ಲಿಸಲೇಬೇಡ.

ಮಾಪಕ

ಕಾಕಾ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಚಾಕಣ್‌ನಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ, ನಮ್ಮದು ಧಾರವಾಡ.

ಪಿ0300 ಬಂದರೆ ಯಾವ್ಯಾವುದೋ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ. ಕೊನೆಯಲ್ಲಿ 1, 2, 3, 4 ಇದ್ದರೆ ಅದು ಸಿಲಿಂಡರ್ ನಂಬರ್. ನಿಮ್ಮದು ಮೂರನೆಯದು. ಆದರೆ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಕಿಡಿ ಕಾಣಿಸುವುದಿಲ್ಲ. ಅದು ನೋಡುವುದು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನ ವೇಗ ಮಾತ್ರ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕಿಗೆ ಒಂದು ನೂಕು ಸಿಗುತ್ತದೆ. ಮೂರನೆಯದರ ಸರದಿಯಲ್ಲಿ ನೂಕು ಕಡಿಮೆಯಾದರೆ ಪಿ0303 ಬರೆದುಕೊಳ್ಳುತ್ತದೆ, ಅಷ್ಟೇ. ಕಿಡಿ ಇಲ್ಲವೋ, ಇಂಧನ ಇಲ್ಲವೋ, ಕಂಪ್ರೆಷನ್ ಇಲ್ಲವೋ, ಅದಕ್ಕೆ ಗೊತ್ತಿಲ್ಲ. ಸ್ಕ್ಯಾನರ್ ಹಾಕಿದ ಕೂಡಲೇ ಪ್ಲಗ್ ಬದಲಿಸಿದವರು ಆ ಮೂರರಲ್ಲಿ ಒಂದನ್ನು ಊಹೆ ಮಾಡಿದ್ದಾರೆ.

ಪಿ0171 ವಿಷಯ ಇನ್ನೂ ಮಜಾ ಇದೆ. ಅದರ ಅರ್ಥ ಗಾಳಿ ಜಾಸ್ತಿ, ಇಂಧನ ಕಡಿಮೆ ಅಂತ. ಆದರೆ ಸಿಲಿಂಡರ್ ಮಿಸ್ ಆದಾಗ ಅದರೊಳಗಿನ ಗಾಳಿ ಸುಡದೆ ಹಾಗೇ ಹೊರಗೆ ಬರುತ್ತದೆ. ಅದರಲ್ಲಿ ಆಕ್ಸಿಜನ್ ಇರುತ್ತದಲ್ವಾ? ಸೆನ್ಸರ್ ಅದನ್ನು ನೋಡಿ ಗಾಳಿ ಜಾಸ್ತಿ ಆಗಿದೆ ಅನ್ನುತ್ತದೆ. ಪಾಪ, ಅದು ಕಂಡದ್ದನ್ನು ಹೇಳುತ್ತಿದೆ. ಸತ್ಯ ಹೇಳಿದವನನ್ನೇ ಬದಲಿಸಲು ಹೊರಟಿದ್ದೀರಿ.

ವಾಶಿ ಟೆಂಪೋ

ನಾನು ನವಿ ಮುಂಬಯಿಯವನು, ವಾಶಿ ಎಪಿಎಂಸಿಯಿಂದ ಹೋಟೆಲುಗಳಿಗೆ ತರಕಾರಿ ಹಾಕುತ್ತೇನೆ. ಮಾರ್ಕೆಟಿನಲ್ಲಿ ರಾತ್ರಿ ಗಾಡಿ ನಿಲ್ಲಿಸುವವರು ಮೊದಲು ಬಾನೆಟ್, ಸೀಟ್ ಎತ್ತಿ ವೈರ್ ನೋಡಿ ಮಾರಾಯ್ರೆ. ಇಲಿ! ನನ್ನ ಗಾಡಿಯಲ್ಲಿ ಇಂಧನ ಚಿಮ್ಮಿಸುವ ಎರಡನೇ ಇಂಜೆಕ್ಟರಿನ ವೈರ್ ಅರ್ಧ ಕಡಿದಿಟ್ಟಿತ್ತು. ತಾಮ್ರದ ಎರಡೋ ಮೂರೋ ಎಳೆ ಉಳಿದಿತ್ತು. ನೇರ ರಸ್ತೆಯಲ್ಲಿ ಸರಿ, ಹೊಂಡದಲ್ಲಿ ಮಿಸ್ಸಿಂಗ್. ಮೂರು ಗ್ಯಾರೇಜ್ ತಿರುಗಿದೆ. ಕೊನೆಗೆ ಎಂಜಿನ್ ಚಾಲೂ ಇಟ್ಟು, ಒಣ ಕೋಲಿನಿಂದ ವೈರಿಂಗ್ ಕಟ್ಟನ್ನು ಅಲುಗಾಡಿಸಿ ನೋಡಿದ ಹುಡುಗನಿಗೆ ಐದೇ ನಿಮಿಷದಲ್ಲಿ ಸಿಕ್ಕಿತು.

ಕಾತ್ರಜ್ ಗಾಡಿ (ಮಂಗಳವಾರ)

ಕಾಕಾ, ಕೇಳಿದ್ದಕ್ಕೆಲ್ಲಾ ಉತ್ತರ ತಂದಿದ್ದೇನೆ.

ಗ್ಯಾಸ್‌ನಲ್ಲಿ ಜಾಸ್ತಿ. ಪೆಟ್ರೋಲ್‌ನಲ್ಲಿ ಘಾಟ್ ಹತ್ತುತ್ತದೆ, ಆದರೆ ಪೂರ್ತಿ ಸರಿ ಅನ್ನುವಂತಿಲ್ಲ. ಇನ್ನೊಂದು ಈಗ ಗಮನಕ್ಕೆ ಬಂತು. ವಾಪಸ್ ಬರುವಾಗ ಖೇಡ್ ಶಿವಾಪುರ ಟೋಲ್‌ನಲ್ಲಿ ಸಾಲಿನಲ್ಲಿ ನಿಂತರೆ, ಖಾಲಿ ಗಾಡಿ, ನ್ಯೂಟ್ರಲ್, ಆಗಲೂ ನಡುಗುತ್ತದೆ. ಸ್ಟೀರಿಂಗ್ ಮೇಲೆ ಕೈ ಇಟ್ಟರೆ ಟಕ್ ಟಕ್ ಅಂತ ಗೊತ್ತಾಗುತ್ತದೆ. ಸ್ವಲ್ಪ ರೇಸ್ ಕೊಟ್ಟರೆ ಹೋಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಇದ್ಯಾವುದೂ ಇಲ್ಲ.

ವೈರ್ ನೋಡಿದೆ, ಇಲಿ ಕಡಿದಿಲ್ಲ. ಹಳೇ ಪ್ಲಗ್ ಎಸೆದಿದ್ದಾರೆ. ಆದರೆ ಹೊಸ ಪ್ಲಗ್‌ಗಳನ್ನು ಇವತ್ತು ನಾನೇ ಬಿಚ್ಚಿ ನೋಡಿದೆ. ಮೂರನೆಯದರ ಬಿಳಿ ಪಿಂಗಾಣಿ ಮೇಲೆ ಮೇಲಿಂದ ಕೆಳಕ್ಕೆ ಸಣ್ಣ ಕಪ್ಪು ಗೆರೆ ಇದೆ. ಪೆನ್ಸಿಲ್‌ನಲ್ಲಿ ಎಳೆದ ಹಾಗೆ. ಒರೆಸಿದರೆ ಹೋಗುವುದಿಲ್ಲ.

ಹಳೇ ಸ್ಪ್ಯಾನರ್

ಸಿಕ್ಕಿತಲ್ಲ! ಅದು ಕರೆಂಟ್ ಓಡಿದ ದಾರಿ. ಕಿಡಿ ಪ್ಲಗ್ಗಿನ ತುದಿಯಲ್ಲಿ ಹಾರಬೇಕು. ಅಲ್ಲಿ ಹಾರಲು ಕಷ್ಟ ಆದಾಗ ಪಿಂಗಾಣಿಯ ಮೈಮೇಲೆ ಜಾರಿ ಎಂಜಿನ್ ಮೇಲ್ಭಾಗದ ಹೆಡ್ಡಿಗೆ ಇಳಿಯುತ್ತದೆ. ಒಮ್ಮೆ ಇಳಿದರೆ ಅಲ್ಲಿ ಮಸಿ ಕೂರುತ್ತದೆ, ಮಸಿಯ ಮೇಲೆ ಕರೆಂಟ್ ಇನ್ನೂ ಸುಲಭವಾಗಿ ಓಡುತ್ತದೆ. ಇದೇ ಗೆರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್‌ನ ಪ್ಲಗ್ ಮೇಲೆ ಕೂರುವ ರಬ್ಬರ್ ಬೂಟಿನ ಒಳಗೂ ಇರುತ್ತದೆ. ಟಾರ್ಚ್ ಹಾಕಿ ನೋಡು. ಗ್ಯಾರೇಜಿನವರು ಪ್ಲಗ್ ಹೊಸದು ಹಾಕಿದರು, ಬೂಟ್ ಹಳೆಯದೇ ಬಿಟ್ಟರು. ಹಳೇ ಬೂಟಿನ ಗೆರೆ ನಾಲ್ಕೇ ದಿನದಲ್ಲಿ ಹೊಸ ಪ್ಲಗ್ಗನ್ನೂ ಕೆಡಿಸಿತು. ನಿನ್ನ ನಾಲ್ಕು ದಿನದ ಆರಾಮಿನ ಲೆಕ್ಕ ಇದು.

ಗ್ಯಾಸ್‌ನಲ್ಲಿ ಜಾಸ್ತಿ ಯಾಕೆ? ಸಿಎನ್‌ಜಿ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ಘಾಟಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ತುಂಬಾ ಗಾಳಿ, ಒತ್ತಡ ಏರುತ್ತದೆ, ಇನ್ನೂ ಜಾಸ್ತಿ ಬೇಕು. ಇಗ್ನಿಷನ್ನಿನ ಬಡತನ ಯಾವಾಗಲೂ ಮೊದಲು ಕಾಣುವುದು ಗ್ಯಾಸ್‌ನಲ್ಲಿ, ಏರಿನಲ್ಲಿ.

ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು ಕೂಡ ಅಳೆ. ಪೆಟ್ರೋಲ್ ಗಾಡಿಗೆ 1.0, 1.1 ಮಿಲಿಮೀಟರ್ ಗ್ಯಾಪ್ ಮಾಮೂಲು. ಗ್ಯಾಸ್ ಗಾಡಿಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, 0.7, 0.8ರ ಸುತ್ತ. ನಿನ್ನ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು. ಡಬ್ಬಿಯಿಂದ ತೆಗೆದು ಹಾಗೇ ಹಾಕುವವರೇ ಜಾಸ್ತಿ.

ಚೋರ್ಲಾ ಮಳೆ

ಪಿಂಗಾಣಿ ಗೆರೆ ಅಂದ ಕೂಡಲೇ ನನ್ನ ಹೋದ ಮಳೆಗಾಲ ನೆನಪಾಯಿತು. ನಾನು ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಮಾಪ್ಸಾಕ್ಕೆ ಕಾಯಿಪಲ್ಲೆ ತರುತ್ತೇನೆ. ಗೋವಾದ ಕೆಂಪು ಕೆಸರು ಎಂಜಿನ್ ತುಂಬಾ ಅಂಟಿತ್ತು. ವಾಷಿಂಗ್ ಸೆಂಟರಿನ ಹುಡುಗ ಪ್ರೆಷರ್ ಪಂಪ್‌ನಲ್ಲಿ ಎಂಜಿನ್ ಮೇಲೇ ಹೊಡೆದ. ಮರುದಿನದಿಂದ ಮಿಸ್ಸಿಂಗ್. ಕಾಯಿಲ್ ಎತ್ತಿದರೆ ಪ್ಲಗ್ ಕೂರುವ ಬಾವಿಯೊಳಗೆ ಎರಡು ಬೆರಳು ನೀರು. ಒಣಗಿಸಿದ ಮೇಲೂ ಗೆರೆ ಉಳಿದಿತ್ತು, ಬೂಟ್ ಬದಲಿಸಬೇಕಾಯಿತು.

ಪ್ಲಗ್ ಬಿಚ್ಚುವ ಮೊದಲು ಆ ಬಾವಿಗೆ ಗಾಳಿ ಹೊಡೆಸಿ ರೀ. ಇಲ್ಲದಿದ್ದರೆ ಅಲ್ಲಿನ ಮರಳು, ಕೆಸರು ಸೀದಾ ಸಿಲಿಂಡರಿಗೆ ಬೀಳುತ್ತದೆ. ಬಾವಿಯಲ್ಲಿ ನೀರಿನ ಬದಲು ಆಯಿಲ್ ಇದ್ದರೆ ಎಂಜಿನ್ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ ಅಂತ ಲೆಕ್ಕ.

ಡೀಸೆಲ್ ಬಾಬು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ದೊಡ್ಡ ಪಿಕಪ್, ಡೀಸೆಲ್. ಅದೂ ಮಿಸ್ ಆಗುತ್ತಿದೆ. ಯಾವ ಪ್ಲಗ್ ನೋಡಲಿ?

ಹಳೇ ಸ್ಪ್ಯಾನರ್

ಬಾಬು, ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಇರುವುದು ಹೀಟರ್ ಪ್ಲಗ್, ಅದು ತಣ್ಣಗೆ ಸ್ಟಾರ್ಟ್ ಆಗಲು. ನಿನ್ನದು ಇಂಜೆಕ್ಟರ್ ಕತೆ ಇರಬಹುದು. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೂ ಒಂದೊಂದು ಬಾಟಲಿ ಕಟ್ಟಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನೋಡಿಸು. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಆದರೆ ಇಂಜೆಕ್ಟರಿಗೆ ಡೀಸೆಲ್ ತರುವ ರೇಲ್ ಪೈಪಿನ ನಟ್ ಚಾಲೂ ಎಂಜಿನ್‌ನಲ್ಲಿ ಸಡಿಲ ಮಾಡುವ ಹಳೇ ಚಾಳಿ ಬೇಡ. ಸಾವಿರ ಬಾರ್‌ಗೂ ಮೇಲೆ ಒತ್ತಡ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳೇ ಕಳೆದುಕೊಳ್ಳಬೇಕಾಗುತ್ತದೆ.

ಕಾತ್ರಜ್ ಗಾಡಿ (ಶುಕ್ರವಾರ)

ನಾನಾ ಪೇಠಿಗೆ ಹೋಗಿ ಮೂರನೇ ಸಿಲಿಂಡರಿನ ಕಾಯಿಲ್ ಬೂಟ್ ಸಮೇತ ತಂದೆ, 2,600 ರೂಪಾಯಿ. ಅಂಗಡಿಯವನು ಮೊದಲು 900ರದ್ದು ತೋರಿಸಿದ, ಡಬ್ಬಿ ಥೇಟ್ ಒರಿಜಿನಲ್ ಹಾಗೇ. ಅಕ್ಷರ ಮಾತ್ರ ಸ್ವಲ್ಪ ಮಸುಕು. ಬೇಡ ಅಂದೆ. ಮೂರನೇ ಪ್ಲಗ್ ಕೂಡ ಹೊಸದು. ಗ್ಯಾಪ್ ಅಳೆದರೆ ನಾಲ್ಕೂ ಬೇರೆ ಬೇರೆ ಇತ್ತು, ಪುಸ್ತಕ ನೋಡಿ ಒಂದೇ ಮಾಡಿದೆ.

ಘಾಟ್ ಹತ್ತಿದೆ ರೀ! ಗ್ಯಾಸ್‌ನಲ್ಲೇ, ಆರುನೂರು ಕಿಲೋ ಈರುಳ್ಳಿ ಹೊತ್ತು, ಒಂದು ಜರ್ಕ್ ಇಲ್ಲ.

ಆದರೆ ಟೋಲ್‌ನ ನಡುಕ ಹೋಗಲಿಲ್ಲ. ಎರಡು ದಿನ ಬಿಟ್ಟು ಚೆಕ್ ಲೈಟ್ ಮತ್ತೆ ಹತ್ತಿದೆ, ಅದೇ ಪಿ0303. ತಲೆ ಕೆಟ್ಟು ಹೋಗಿದೆ.

ರೇಸ್ ರಾಜ

ನಾನು ಹೇಳಿದ್ದೆ. ಹಾಫ್ ಎಂಜಿನ್.

ಹಳೇ ಸ್ಪ್ಯಾನರ್

ಮಂಗಳವಾರವೇ ನನಗೆ ಅನುಮಾನ ಇತ್ತು, ಆದರೆ ಒಂದು ಸರಿ ಮಾಡದೆ ಇನ್ನೊಂದು ಕಾಣುವುದಿಲ್ಲ ಅಂತ ಸುಮ್ಮನಿದ್ದೆ. ನೀನು ಹೇಳಿದ ಎರಡು ಲಕ್ಷಣ ಒಂದೇ ರೋಗದ್ದಲ್ಲ ತಮ್ಮಾ. ಲೋಡಿನಲ್ಲಿ ಮಿಸ್ ಆಗುವುದು ಕಿಡಿಯ ಬಡತನ. ಖಾಲಿ ನಿಂತಾಗ ನಡುಗಿ, ರೇಸ್ ಕೊಟ್ಟರೆ ಸರಿಯಾಗುವುದು ಅದರ ತದ್ವಿರುದ್ಧ. ಅದು ಎಲ್ಲೋ ಸೋರಿಕೆ. ನಿಧಾನ ತಿರುಗುವಾಗ ಸೋರಲು ಸಮಯ ಸಿಗುತ್ತದೆ, ಜೋರಾಗಿ ತಿರುಗುವಾಗ ಸಿಗುವುದಿಲ್ಲ. ಒಂದೇ ಸಿಲಿಂಡರಿನಲ್ಲಿ ಎರಡೂ ಸೇರಿದ್ದಕ್ಕೆ ಎಲ್ಲರೂ ದಾರಿ ತಪ್ಪಿದ್ದು.

ಸೋರಿಕೆ ಅಂದರೆ ಎರಡು ಜಾಗ. ಒಂದು, ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ ಒಳಗೆ ಹೋಗುವ ಕೊಳವೆ) ಪ್ಯಾಕಿಂಗ್ ಅಥವಾ ಯಾವುದಾದರೂ ವ್ಯಾಕ್ಯೂಮ್ ಪೈಪ್ ಒಡೆದು ಹೊರಗಿನ ಗಾಳಿ ಒಳಗೆ ಬರುವುದು. ಎರಡು, ಗಾಳಿ, ಹೊಗೆಯ ಬಾಗಿಲಾದ ವಾಲ್ವೋ ಪಿಸ್ಟನ್ ಸುತ್ತಲಿನ ರಿಂಗೋ ಬಿಗಿ ಇಲ್ಲದೆ ಕಂಪ್ರೆಷನ್ ಹೊರಗೆ ಹೋಗುವುದು.

ಮಾಪಕ

ಮೊದಲನೆಯದನ್ನು ಮನೆಯಲ್ಲೇ ನೋಡಬಹುದು. ಇಸಿಯು ಲೆಕ್ಕವನ್ನು ಮೊಬೈಲಿಗೆ ಕಳಿಸುವ ಬ್ಲೂಟೂತ್ ಓಬಿಡಿ ಡಾಂಗಲ್ ಇದ್ದರೆ ಮೊಬೈಲಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಇಸಿಯು ಇಂಧನವನ್ನು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು. ಹೊರಗಿನ ಗಾಳಿ ಸೇರುತ್ತಿದ್ದರೆ ಐಡ್ಲಿಂಗಿನಲ್ಲಿ (ರೇಸ್ ಕೊಡದೆ ನಿಂತಾಗ) ಅದು ಪ್ಲಸ್ 15, 20 ಅಂತ ಇರುತ್ತದೆ, 2,500 ಆರ್‌ಪಿಎಂಗೆ ಏರಿಸಿದರೆ ಸೊನ್ನೆಯ ಕಡೆ ಇಳಿಯುತ್ತದೆ. ಎರಡೂ ಕಡೆ ಪ್ಲಸ್ 5ರ ಆಸುಪಾಸು ಇದ್ದರೆ ಗಾಳಿ ಸೋರಿಕೆ ಮರೆತುಬಿಡಿ.

ಕಾತ್ರಜ್ ಗಾಡಿ

ಭಾವನ ಹತ್ತಿರ ಡಾಂಗಲ್ ಇತ್ತು. ಐಡ್ಲಿಂಗಿನಲ್ಲಿ ಪ್ಲಸ್ 6, ರೇಸಿನಲ್ಲಿ ಪ್ಲಸ್ 3. ಪಿ0171 ಮತ್ತೆ ಬಂದಿಲ್ಲ. ಸೆನ್ಸರಿನ ದುಡ್ಡು ಉಳಿಯಿತು ಮಾಪಕ ಸರ್, ನಿಮ್ಮ ಹೊಟ್ಟೆ ತಣ್ಣಗಿರಲಿ.

ಕಂಪ್ರೆಷನ್ ಬಗ್ಗೆ: ಗ್ಯಾರೇಜಿನವರು ಮೊನ್ನೆಯೇ ನೋಡಿದ್ದರಂತೆ. 170, 168, 162, 170 ಪಿಎಸ್‌ಐ. ಎಲ್ಲಾ ಸರಿ ಇದೆ ಅಂದರು.

ಹಳೇ ಸ್ಪ್ಯಾನರ್

ಯಾವಾಗ ನೋಡಿದರು? ಬೆಳಿಗ್ಗೆ ಗಾಡಿ ಬಿಟ್ಟು ಹೋದೆಯಾ?

ಕಾತ್ರಜ್ ಗಾಡಿ

ಹೌದು ಕಾಕಾ, ರಾತ್ರಿಯೇ ಬಿಟ್ಟಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ನೋಡಿದರು.

ಹಳೇ ಸ್ಪ್ಯಾನರ್

ತಣ್ಣಗಿದ್ದಾಗ ನಿನ್ನ ಗಾಡಿಗೆ ರೋಗವೇ ಇಲ್ಲವಲ್ಲ! ರೋಗ ಬರುವುದು ಬಿಸಿಯಾದ ಮೇಲೆ. ಜ್ವರ ಸಂಜೆ ಬರುವವನನ್ನು ಬೆಳಿಗ್ಗೆ ಮುಟ್ಟಿ ನೋಡಿ ಮೈ ತಣ್ಣಗಿದೆ ಅಂದ ಹಾಗಾಯಿತು.

ಹೀಗೆ ಮಾಡಿಸು. ಇಪ್ಪತ್ತು ಕಿಲೋಮೀಟರ್ ಓಡಿಸಿ ಸೀದಾ ಗ್ಯಾರೇಜಿಗೆ ಹೋಗು. ಗ್ಯಾಸ್ ಸಿಲಿಂಡರಿನ ವಾಲ್ವ್ ಬಂದ್ ಮಾಡಿಸು. ನಾಲ್ಕೂ ಇಂಜೆಕ್ಟರ್, ನಾಲ್ಕೂ ಕಾಯಿಲ್‌ನ ಕನೆಕ್ಟರ್ ತೆಗೆಯಲಿ. ನಾಲ್ಕೂ ಪ್ಲಗ್ ಬಿಚ್ಚಲಿ. ಬಿಸಿ ಅಲ್ಯೂಮಿನಿಯಂ ಹೆಡ್, ಆದ್ದರಿಂದ ಪ್ಲಗ್ ಬಿಗಿ ಅನಿಸಿದರೆ ಬಲ ಹಾಕಬಾರದು, ಸ್ವಲ್ಪ ಆರಲು ಬಿಟ್ಟು ಮತ್ತೆ ನೋಡಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಒತ್ತದಿದ್ದರೆ ಗಾಳಿಯೇ ಒಳಗೆ ಹೋಗದೆ ಎಲ್ಲವೂ ಕಡಿಮೆ ತೋರಿಸುತ್ತದೆ. ಪ್ರತಿ ಸಿಲಿಂಡರಿಗೂ ಐದಾರು ಸುತ್ತು, ಬ್ಯಾಟರಿ ಫುಲ್ ಚಾರ್ಜ್ ಇರಬೇಕು. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ನಾಲ್ಕರ ನಡುವೆ ಅಂತರ ಎಷ್ಟು ಅನ್ನುವುದು ಮುಖ್ಯ.

ಮೂರನೆಯದು ಕಡಿಮೆ ಬಂದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಲಿ. ಏರಿದರೆ ರಿಂಗ್. ಆಯಿಲ್ ರಿಂಗಿನ ಸಂದು ಮುಚ್ಚುತ್ತದೆ. ಏರದಿದ್ದರೆ ವಾಲ್ವ್. ಅವರ ಹತ್ತಿರ ಲೀಕ್ ನೋಡುವ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಸಿಲಿಂಡರಿಗೆ ಗಾಳಿ ತುಂಬಿ ಕಿವಿ ಕೊಡಬೇಕು. ಸೈಲೆನ್ಸರಿನಲ್ಲಿ ಸುಸ್ ಅಂದರೆ ಹೊಗೆ ಬಿಡುವ ಎಗ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಅಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್.

ಗ್ಯಾರೇಜಿನ ಹುಡುಗ ಚಾಲೂ ಎಂಜಿನ್‌ನಲ್ಲಿ ಕಾಯಿಲ್ ಕೈಯಿಂದ ಎತ್ತಿ ನೋಡಲು ಹೋದರೆ ಬೇಡ ಅನ್ನು. ಇಸಿಯು ಇಲ್ಲದ ಹಳೇ ಪಾಯಿಂಟ್ ಇಗ್ನಿಷನ್ ಗಾಡಿಗಳಲ್ಲಿ ನಾವೂ ಹಾಗೆ ಮಾಡಿ ಎಷ್ಟೋ ಸಲ ಕೈ ಜುಮ್ ಅನಿಸಿಕೊಂಡಿದ್ದೇವೆ. ಈಗಿನ ಗಾಡಿಯಲ್ಲಿ ಕರೆಂಟ್ ಇನ್ನೂ ಜೋರು, ಜೊತೆಗೆ ಇಸಿಯು ಹೋಗುವ ಭಯ.

ಕಾತ್ರಜ್ ಗಾಡಿ (ಭಾನುವಾರ)

ಆ ಗ್ಯಾರೇಜಿಗೆ ಹೋಗಲಿಲ್ಲ. ಭೋಸರಿಯಲ್ಲಿ ನಮ್ಮ ವಿಜಯಪುರದ ಕಡೆಯ ಒಬ್ಬ ಮಿಸ್ತ್ರಿ ಇದ್ದಾರೆ, ಅವರ ಹತ್ತಿರ ಹೋದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಟ್ರಾಫಿಕ್ಕಿನಲ್ಲೇ ಬೇಕಾದಷ್ಟು ಬಿಸಿಯಾಗಿತ್ತು.

172, 170, 95, 168.

ಮಿಸ್ತ್ರಿಯೂ ಎರಡು ಸಲ ನೋಡಿದರು. ಆಯಿಲ್ ಬಿಟ್ಟು ನೋಡಿದರೆ 98. ಗಾಳಿ ತುಂಬಿದಾಗ ಸೈಲೆನ್ಸರಿಗೆ ಕಿವಿ ಕೊಟ್ಟವನು ನಾನೇ. ಹಾವು ಬುಸುಗುಟ್ಟಿದ ಹಾಗೆ ಸದ್ದು.

ವಾಲ್ವ್ ಸುಟ್ಟಿದೆಯಾ ಕಾಕಾ? ಹೆಡ್ ಇಳಿಸಬೇಕಾ? ಸೀಸನ್ ನಡುವೆ ಗಾಡಿ ನಿಂತರೆ ಕಷ್ಟ.

ಹಳೇ ಸ್ಪ್ಯಾನರ್

ಹೆಡ್ ಇಳಿಸುವ ಮೊದಲು ಟ್ಯಾಪೆಟ್ ಕವರ್ ಮಾತ್ರ ತೆಗೆಸು. ರಾತ್ರಿ ಅಲ್ಲೇ ಬಿಡು, ಬೆಳಿಗ್ಗೆ ಪೂರ್ತಿ ತಣ್ಣಗಾದ ಮೇಲೆ ಸಂದು ಅಳೆಯುವ ಫೀಲರ್ ಗೇಜ್ ಹಾಕಿ ಹದಿನಾರೂ ವಾಲ್ವಿನ ಕ್ಲಿಯರೆನ್ಸ್ ಬರೆದುಕೊಳ್ಳಲಿ. ಕಂಪ್ರೆಷನ್ ಬಿಸಿಯಲ್ಲಿ, ಟ್ಯಾಪೆಟ್ ತಣ್ಣಗಿದ್ದಾಗ. ಇದನ್ನು ಉಲ್ಟಾ ಮಾಡಿದರೆ ಎರಡೂ ಸುಳ್ಳು ಹೇಳುತ್ತವೆ.

ಯಾಕೆ ಹೇಳುತ್ತಿದ್ದೇನೆ ಕೇಳು. ವಾಲ್ವಿಗೂ ಅದನ್ನು ಒತ್ತಿ ತೆರೆಯುವ ಕ್ಯಾಮಿಗೂ ನಡುವೆ ಕೂದಲಿನಷ್ಟು ಸಂದು ಬಿಟ್ಟಿರುತ್ತಾರೆ. ಬಿಸಿಯಾದಾಗ ವಾಲ್ವಿನ ಕಡ್ಡಿ ಉದ್ದ ಆಗುತ್ತದೆ, ಅದಕ್ಕೆ ಜಾಗ ಬೇಕು. ಪೆಟ್ರೋಲ್‌ನಲ್ಲಿ ಸ್ವಲ್ಪ ಹಸಿ ಇರುತ್ತದೆ, ಗ್ಯಾಸ್ ಪೂರ್ತಿ ಒಣ. ವಾಲ್ವ್ ಮುಚ್ಚುವಾಗ ಪ್ರತಿ ಸಲ ತಾನು ಕೂರುವ ಸೀಟಿನ ಮೇಲೆ ಕುಟ್ಟಿದಾಗ ಸೀಟ್ ಚೂರು ಚೂರೇ ಸವೆಯುತ್ತದೆ. ಸೀಟ್ ಸವೆದಷ್ಟು ವಾಲ್ವ್ ಮೇಲಕ್ಕೆ ಬರುತ್ತದೆ, ಸಂದು ಕಡಿಮೆ ಆಗುತ್ತದೆ. ಒಂದು ದಿನ ಬಿಸಿಯಲ್ಲಿ ಸಂದೇ ಉಳಿಯುವುದಿಲ್ಲ, ಕ್ಯಾಮ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ತಣ್ಣಗಾದರೆ ಮತ್ತೆ ಮುಚ್ಚುತ್ತದೆ. ಬೆಳಿಗ್ಗೆ 162, ಮಧ್ಯಾಹ್ನ 95 ಅಂದರೆ ನನಗೆ ಕಾಣುವುದು ಇದೇ.

ಚೋರ್ಲಾ ಮಳೆ

ಗ್ಯಾಸ್ ಗಾಡಿಗೆ ಟ್ಯಾಪೆಟ್ ಚೆಕ್ ಅಂತ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಯಾರೂ ಮಾಡುವುದಿಲ್ಲ. ಆಯಿಲ್, ಫಿಲ್ಟರ್, ವಾಷಿಂಗ್, ಬಿಲ್.

ಕಾತ್ರಜ್ ಗಾಡಿ (ಬುಧವಾರ)

ಕಾಕಾ, ನಿಮ್ಮ ಕಾಲು ಎಲ್ಲಿದೆ ಹೇಳಿ, ಮುಟ್ಟಿ ಬರುತ್ತೇನೆ.

ಪುಸ್ತಕದ ಪ್ರಕಾರ ಎಗ್ಸಾಸ್ಟ್‌ಗೆ 0.30 ಮಿಲಿಮೀಟರ್ ಸಂದು ಬೇಕು. ಮೂರನೇ ಸಿಲಿಂಡರಿನ ಎರಡು ಎಗ್ಸಾಸ್ಟ್ ವಾಲ್ವಿನಲ್ಲಿ ಒಂದು 0.05, ಇನ್ನೊಂದು 0.09. ಉಳಿದ ಸಿಲಿಂಡರುಗಳ ಎಗ್ಸಾಸ್ಟ್ 0.18ರಿಂದ 0.22. ಅವೂ ಅದೇ ದಾರಿಯಲ್ಲಿ ಇದ್ದವು. ಇನ್‌ಟೇಕ್ ಎಂಟೂ ಸರಿ.

ನಮ್ಮ ಎಂಜಿನ್‌ನಲ್ಲಿ ಸ್ಕ್ರೂ ತಿರುಗಿಸಿ ಸೆಟ್ ಮಾಡುವ ಟ್ಯಾಪೆಟ್ ಇಲ್ಲ. ವಾಲ್ವ್ ಮೇಲೆ ಬಟ್ಟಲಿನ ಹಾಗೆ ಕೂರುವ ಬಕೆಟ್. ಸಂದು ಹೆಚ್ಚಿಸಬೇಕಾದರೆ ತೆಳು ಬಕೆಟ್ ಹಾಕಬೇಕು. ಮಿಸ್ತ್ರಿ ಲೆಕ್ಕ ತೋರಿಸಿದರು. ಹಳೇ ಬಕೆಟ್ 3.20, ಅಲ್ಲಿರುವ ಸಂದು 0.05, ಬೇಕಾದದ್ದು 0.30. ಕೊರತೆ 0.25. ಹೊಸ ಬಕೆಟ್ 2.95. ಹೀಗೆ ಎಂಟಕ್ಕೂ ಬರೆದರು. ಎರಡು ಕಡೆ ನಮ್ಮದೇ ಹಳೇ ಬಕೆಟ್ ಅದಲು ಬದಲು ಮಾಡಿ ಹೊಂದಿಸಿದರು, ಆರು ಹೊಸದು ಬೇಕಾಯಿತು. ಕ್ಯಾಮ್ ಬಿಚ್ಚುವ ಮೊದಲು ಚೈನಿಗೆ ಬಿಳಿ ಬಣ್ಣದ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಒಂದು ಹಲ್ಲು ಹೆಚ್ಚು ಕಡಿಮೆ ಆದರೂ ಮತ್ತೆ ಮಿಸ್ಸಿಂಗ್ ಅಂತೆ.

ಬಕೆಟ್ ಬರಲು ಎರಡು ದಿನ. ಆ ಎರಡು ದಿನ ಭಾವನ ಗಾಡಿ ಬಾಡಿಗೆಗೆ ತೆಗೆದುಕೊಂಡೆ, ಅವನು ದುಡ್ಡು ಬಿಡಲಿಲ್ಲ. ಮಜೂರಿ, ಪ್ಯಾಕಿಂಗ್ ಸೇರಿ 4,500. ಬಕೆಟ್ ಬೇರೆ.

ಸೇರಿಸಿದ ಮೇಲೆ ಬಿಸಿ ಮಾಡಿ ನೋಡಿದರೆ 172, 171, 158, 170.

ಮಾಪಕ

ಸೂಪರ್. ಆದರೆ 158 ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಅಂತರ ಹತ್ತು ಪರ್ಸೆಂಟ್ ಒಳಗೇ ಇದೆ, ಓಡಿಸಬಹುದು. ಆದರೂ ಆ ವಾಲ್ವ್ ಪೂರ್ತಿ ಮುಚ್ಚದೆ ಎಷ್ಟೋ ದಿನ ಓಡಿದೆ, ಅಂಚು ಸ್ವಲ್ಪ ಸುಟ್ಟಿರಬಹುದು. ಎಗ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಿಡುವುದೇ ಸೀಟಿಗೆ ತಾಗಿ ಕೂತಾಗ. ಕೂರಲು ಆಗದಿದ್ದರೆ ಸುಡುತ್ತದೆ. ಐದು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಬಿಸಿ ಕಂಪ್ರೆಷನ್ ನೋಡಿಸಿ. ಇನ್ನೂ ಇಳಿದಿದ್ದರೆ ಆಗ ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್ ಮಾಡಿಸಬೇಕು.

ವಾಶಿ ಟೆಂಪೋ

ನನ್ನ ಗಾಡಿಯೂ ಗ್ಯಾಸೇ, 90,000 ದಾಟಿದೆ. ಓದುತ್ತಾ ಓದುತ್ತಾ ನನಗೇ ನಡುಕ ಶುರುವಾಯಿತು. ಮಿಸ್ಸಿಂಗ್ ಇಲ್ಲ. ಆದರೂ ಟ್ಯಾಪೆಟ್ ನೋಡಿಸಲೇ?

ಹಳೇ ಸ್ಪ್ಯಾನರ್

ನೋಡಿಸಿ. ಕವರ್ ತೆಗೆದು ಫೀಲರ್ ಹಾಕಲು ಅರ್ಧ ದಿನ, ಒಂದು ಪ್ಯಾಕಿಂಗ್. ಗ್ಯಾಸ್ ಫಿಲ್ಟರ್ ಯಾವಾಗ ಬದಲಿಸಿದ್ದು ಅಂತಲೂ ಬಿಲ್ ತೆಗೆದು ನೋಡಿ. ದಿನಾ ಒಂದೆರಡು ಕಿಲೋಮೀಟರ್ ಪೆಟ್ರೋಲ್‌ನಲ್ಲೂ ಓಡಿಸಿ. ತಿಂಗಳುಗಟ್ಟಲೆ ಕೆಲಸ ಇಲ್ಲದೆ ಕೂತ ಪೆಟ್ರೋಲ್ ಇಂಜೆಕ್ಟರ್ ಅಂಟಿಕೊಳ್ಳುತ್ತದೆ. ಗ್ಯಾಸ್ ಪೈಪನ್ನು ಮಾತ್ರ ಯಾರೂ ಮನೆಯಲ್ಲಿ ಮುಟ್ಟಬೇಡಿ, ಸಿಲಿಂಡರಿನಲ್ಲಿ 200 ಬಾರ್ ಇರುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ ಆಗಿದೆಯೋ ಅದನ್ನೂ ನೋಡಿಕೊಳ್ಳಿ, ಪ್ಲೇಟಿನ ಮೇಲೆ ತಾರೀಕು ಇರುತ್ತದೆ.

ಕಾತ್ರಜ್ ಗಾಡಿ (ಮೂರು ವಾರದ ನಂತರ)

1,900 ಕಿಲೋಮೀಟರ್ ಆಯಿತು. ಖಂಬಾಟ್ಕಿ ಹನ್ನೊಂದು ಸಲ ಹತ್ತಿದ್ದೇನೆ. ಚೆಕ್ ಲೈಟ್ ಹತ್ತಿಲ್ಲ. ಟೋಲ್‌ನಲ್ಲಿ ನಿಂತಾಗ ಗಾಡಿ ಚಾಲೂ ಇದೆಯೋ ಇಲ್ಲವೋ ಅಂತ ಮೀಟರ್ ನೋಡುವ ಹಾಗಾಗಿದೆ. ಒಂದು ಕಿಲೋ ಗ್ಯಾಸಿಗೆ ಮೂರು ಕಿಲೋಮೀಟರ್ ಜಾಸ್ತಿ ಕೊಡುತ್ತಿದೆ. ಮೊದಲು ಹೋಗಿದ್ದ ಗ್ಯಾರೇಜಿನವರು ಫೋನ್ ಮಾಡಿದ್ದರು, ಸೆನ್ಸರ್ ಬಂದಿದೆ ಅಂತ.

ಒಂದೇ ಅನುಮಾನ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಣ್ಣಗೆ ಟಿಕ್ ಟಿಕ್ ಅನ್ನುತ್ತದೆ, ಬಿಸಿಯಾದರೆ ಕಡಿಮೆ. ಮೊದಲು ಇರಲಿಲ್ಲ.

ಹಳೇ ಸ್ಪ್ಯಾನರ್

ಮೊದಲು ಇರಬೇಕಿತ್ತು. ಸಂದೇ ಇಲ್ಲದಿದ್ದರೆ ಸದ್ದು ಎಲ್ಲಿಂದ ಬರಬೇಕು? ಅನ್ನಲಿ ಬಿಡು. ಐದು ಸಾವಿರಕ್ಕೆ ಕಂಪ್ರೆಷನ್ ನೋಡಿಸಿ ಆ ನಾಲ್ಕು ಸಂಖ್ಯೆ ಇಲ್ಲೇ ಹಾಕು.